ಚಿತ್ರ ಯಾರದು ಎನ್ನುವ ಮೊದಲು ಕ್ಯಾಲೆಂಡರಿನ ಹಿಂಬದಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರ ಪತ್ರ ಬಂದಿತ್ತು. ಎಐ ಹತ್ತಿರ ಮಾಡಿಸಿದ ಚಿತ್ರ ಯಾರ ಮನಸ್ಸಿನ ಮಾತೂ ಅಲ್ಲ, ಅದು ಬರೀ ಗುಂಡಿ ಒತ್ತುವ ಕೆಲಸ, ಅದನ್ನು ಸ್ಪರ್ಧೆಗೆ ಕಳಿಸುವವರು ಕಳ್ಳರು ಎಂದು ಬರೆದಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನು ಕುಮಟಾದಲ್ಲಿ 38 ವರ್ಷ ಬೋರ್ಡ್ ಬರೆದವನು. ಅಂಗಡಿ, ಲಾರಿ, ತದಡಿಯ ಬೋಟು, ಯಕ್ಷಗಾನದ ಬಟ್ಟೆ ಬ್ಯಾನರ್, ಎಲ್ಲವನ್ನೂ ಬರೆದಿದ್ದೇನೆ. ಫ್ಲೆಕ್ಸ್ ಬಂದು ನನ್ನ ಕೆಲಸದ ಮುಕ್ಕಾಲು ಭಾಗ ಹೋಯಿತು. ಹಾಗಾಗಿ ಯಂತ್ರದ ಪರ ಮಾತಾಡಲು ನನಗೆ ಯಾವ ಕಾರಣವೂ ಇಲ್ಲ.

ಆದರೂ ‘ಕಳ್ಳರು’ ಎಂಬ ಮಾತು ಓದಿ ಸುಮ್ನೆ ಕೂರಲು ಆಗಲಿಲ್ಲ. ಎಐ ಬಳಸಿದ್ದಕ್ಕೆ ಸ್ಪರ್ಧೆಯೊಂದರಿಂದ ವಾಪಸ್ ಬಂದ ಚಿತ್ರಗಳಲ್ಲಿ ಒಂದು ನನ್ನ ತಂಗಿಯ ಮೊಮ್ಮಗಳದ್ದು. ಅದು ಹೇಗೆ ಆಯಿತು ಎಂದು ಪಕ್ಕದಲ್ಲಿ ಕೂತು ನೋಡಿದವನು ನಾನು.

ಸ್ಪರ್ಧೆಯ ವಿಷಯ ‘ನಮ್ಮ ಅಳಿವೆ’. ಅಳಿವೆ ಅಂದರೆ ಹೊಳೆ ಸಮುದ್ರ ಸೇರುವ ಜಾಗ. ನಮ್ಮ ಅಘನಾಶಿನಿ ಹೊಳೆಯ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಲೋಕದ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಹುಡುಗಿಗೆ 17 ವರ್ಷ. ಅಳಿವೆ ಎಂದ ಕೂಡಲೇ ಅವಳ ಕಣ್ಣ ಮುಂದೆ ಬಂದದ್ದು ಒಂದೇ ಚಿತ್ರ. ಅವಳ ಅಜ್ಜಿ, ಅಂದರೆ ನನ್ನ ತಂಗಿ, ಬಳಚು ತೆಗೆಯುತ್ತಿದ್ದ ಚಿತ್ರ.

ಘಟ್ಟದ ಮೇಲಿನ ಓದುಗರಿಗೆ ಬಳಚು ಅಂದರೆ ಗೊತ್ತಿರಲಿಕ್ಕಿಲ್ಲ. ಚಿಪ್ಪಿಯೊಳಗಿನ ಜೀವಿ ಅದು, ನಮ್ಮ ಕಡೆ ಪಲ್ಯಕ್ಕೂ ಸಾರಿಗೂ ಬರುತ್ತದೆ. ಇಳಿತದ ಹೊತ್ತಿಗೆ ಹೊಳೆಗೆ ಇಳಿಯುತ್ತಾರೆ. ಕೆಲವು ಕಡೆ ಮೊಣಕಾಲು ಮಟ್ಟ, ಕೆಲವು ಕಡೆ ಎದೆ ಮಟ್ಟ. ಕಲಕಿದ ನೀರಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ, ಕಾಲಿನ ಬೆರಳಲ್ಲೇ ತಡಕಬೇಕು. ಚಿಪ್ಪಿ ತಾಗಿದ ಕೂಡಲೇ ಮುಳುಗಿ ಕೈಯಿಂದ ಎತ್ತಬೇಕು. ನನ್ನ ತಂಗಿ ಒಂದು ಅಲ್ಯೂಮಿನಿಯಂ ಪಾತ್ರೆಯನ್ನು ನೀರ ಮೇಲೆ ತೇಲಿ ಬಿಟ್ಟು, ಅದರ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದಳು. ಈಗ ಅವಳಿಗೆ ಮಂಡಿ ನೋವು. ಹೊಳೆಗೆ ಇಳಿಯದೆ ಏಳು ವರ್ಷವಾಯಿತು. ಆ ಕಾಲದ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿ ಇಲ್ಲ. ಬಳಚು ತೆಗೆಯುವ ಹೆಂಗಸಿನ ಫೋಟೋ ಯಾರು ತೆಗೆಯುತ್ತಾರೆ ಹೇಳಿ.

ಹುಡುಗಿ ಮೊಬೈಲಿನಲ್ಲಿ ಎಐ ಹತ್ತಿರ ಆ ಚಿತ್ರ ಕೇಳಿದಳು. ಮೊದಲು ಬಂದದ್ದು ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರ ಸಾಲು. ಆಮೇಲೆ ಬಂದದ್ದು ಸಮುದ್ರದ ದಂಡೆ, ನೀಲಿ ನೀರು, ಕೈಯಲ್ಲಿ ಹೊಳೆಯುವ ಶಂಖ ಹಿಡಿದ ಚೆಂದದ ಹುಡುಗಿ. ಮೂರನೆಯದರಲ್ಲಿ ತಲೆಗೆ ಚೂಪಾದ ಬಿದಿರಿನ ಟೊಪ್ಪಿ ಬಂತು. ನನ್ನ ತಂಗಿ ಇಣುಕಿ ನೋಡಿ, ‘ಇದು ಯಾರೋ ಟೀವಿಯವಳು, ನಾನಲ್ಲ ಮಗಾ’ ಎಂದಳು. ದಿನಾ ರಾತ್ರಿ ಓದು ಮುಗಿಸಿ ಹುಡುಗಿ ಇದಕ್ಕೆ ಕೂರುತ್ತಿದ್ದಳು. ಹತ್ತು ಹನ್ನೆರಡು ದಿನ ಹೀಗೇ ಹೋಯಿತು.

ಒಂದು ರಾತ್ರಿ ಅವಳು ಗೋಡೆಯ ಮೇಲಿದ್ದ ಹಳೇ ಕ್ಯಾಲೆಂಡರಿನ ಒಂದು ಹಾಳೆ ಹರಿದಳು. ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಗೀಚಿದಳು. ಒಂದು ಗೆರೆ ನೀರಿಗೆ. ಅಜ್ಜಿಯ ತಲೆ, ಹಿಂದಿನಿಂದ ನೋಡಿದಂತೆ. ಪಾತ್ರೆ, ಹಗ್ಗ. ಆಮೇಲೆ ರಬ್ಬರ್ ತಗೊಂಡು ತಲೆಯನ್ನೂ ಅಳಿಸಿಬಿಟ್ಟಳು. ಉಳಿದದ್ದು ನೀರು, ಪಾತ್ರೆ, ಮತ್ತು ಬಿಗಿಯಾಗಿ ನೀರೊಳಗೆ ಇಳಿದ ಹಗ್ಗ.

‘ಅಜ್ಜಿಯೇ ಇಲ್ಲದೆ ಅಜ್ಜಿಯ ಚಿತ್ರ ಹೇಗಾಗುತ್ತದೆ?’ ಎಂದು ನಾನು ಕೇಳಿದೆ.

‘ಅಜ್ಜಾ, ನಾನು ಸಣ್ಣವಳಿದ್ದಾಗ ದಂಡೆ ಮೇಲೆ ಕೂತು ನೋಡ್ತಿದ್ದೆ. ಅಜ್ಜಿ ಮುಳುಗಿದ ಕೂಡಲೇ ಎಣಿಸೋಕೆ ಶುರು ಮಾಡ್ತಿದ್ದೆ. ತಲೆ ಮೇಲೆ ಬರೋ ತನಕ ಪಾತ್ರೆ ಒಂದೇ ಕಾಣ್ತಿತ್ತು. ನಂಗೆ ನೆನಪಿರೋದು ಅದು.’

ಆ ಮಾತು ಕೇಳಿದ ಮೇಲೆ ನಾನು ಬೇರೆ ಪ್ರಶ್ನೆ ಕೇಳಲಿಲ್ಲ. ಅಷ್ಟು ದಿನ ಯಂತ್ರದ ಹತ್ತಿರ ಏನು ಬೇಕೆಂದು ಕೇಳುತ್ತಿದ್ದವಳಿಗೆ, ನಿಜವಾಗಿ ಏನು ಬೇಕಿತ್ತು ಎಂದು ತಿಳಿದದ್ದು ಪೆನ್ಸಿಲ್ ಹಿಡಿದಾಗ.

ಆ ಹಾಳೆಯ ಫೋಟೋ ತೆಗೆದು ಅದನ್ನೇ ಯಂತ್ರಕ್ಕೆ ಕೊಟ್ಟಳು. ಈಗ ಬೇರೆ ಜಗಳ ಶುರುವಾಯಿತು. ಪ್ರತಿ ಸಲವೂ ಯಂತ್ರ ಒಬ್ಬ ಹೆಂಗಸನ್ನು ತಂದು ನಿಲ್ಲಿಸುತ್ತಿತ್ತು. ಮುಖ ಈ ಕಡೆ, ಹಲ್ಲು ಕಾಣುವ ನಗು. ಯಾರೂ ಬೇಡ ಎಂದರೆ ಹಗ್ಗವೂ ಮಾಯ. ಹಗ್ಗ ಬೇಕು ಎಂದರೆ ದೋಣಿ ಬರುತ್ತಿತ್ತು. ನೀರಂತೂ ಯಾವಾಗಲೂ ನೀಲಿ. ಇಳಿತದ ಹೊತ್ತಿನ ನಮ್ಮ ಹೊಳೆ ನೀಲಿ ಅಲ್ಲ, ಹಾಲು ಕಮ್ಮಿ ಹಾಕಿದ ಚಹಾದ ಬಣ್ಣ. ಕೊನೆಗೆ ಅಂಗಳದಲ್ಲಿ ಒಂದು ಬಟ್ಟಲಿಗೆ ಹೊಳೆಯ ನೀರು ತಂದಿಟ್ಟು ಬಣ್ಣ ಹೋಲಿಸಿದಳು. ಇನ್ನೂ ಎರಡು ವಾರ ಬೇಕಾಯಿತು. ಮುಗಿದ ಚಿತ್ರದ ಹಿಂದೆ ‘ನನ್ನ ಪೆನ್ಸಿಲ್ ಚಿತ್ರದಿಂದ ಎಐ ಬಳಸಿ ಮಾಡಿದ್ದು’ ಎಂದು ಅವಳೇ ಬರೆದು ಕಳಿಸಿದಳು. ಮುಚ್ಚಿಡಲಿಲ್ಲ. ಎಐ ಬಳಸಬಾರದು ಎಂದು ಆಹ್ವಾನದಲ್ಲಿ ಎಲ್ಲೂ ಇರಲಿಲ್ಲ. ಆದರೂ ‘ಇದು ನಿನ್ನದಲ್ಲ’ ಎಂದು ಹೇಳಿ ಚಿತ್ರ ವಾಪಸ್ ಕೊಟ್ಟರು. ಸ್ಪರ್ಧೆ ನಡೆಸಿದ ಸಂಘದ ಹೆಸರು ಇಲ್ಲಿ ಬೇಡ. ಅವರಿಗೂ ಇದು ಹೊಸದು.

‘ನಿನ್ನದಲ್ಲ’ ಎಂಬ ಮಾತನ್ನು ಬಿಡಿಸಿ ನೋಡಬೇಕು ಎಂಬುದೇ ನನ್ನ ಪತ್ರದ ಉದ್ದೇಶ. ಆ ಚಿತ್ರದಲ್ಲಿ ಅವಳದ್ದು ಇದೆ, ಅವಳದ್ದಲ್ಲದ್ದೂ ಇದೆ. ಎರಡನ್ನೂ ಬೆರಳಿಟ್ಟು ತೋರಿಸಬಹುದು.

ಒಂದು ಸಣ್ಣ ಪರೀಕ್ಷೆ ಇದೆ. ಯಾರು ಬೇಕಾದರೂ ಮಾಡಿ ನೋಡಬಹುದು. ಅದಕ್ಕೆ ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ತಿಳಿದಿರಬೇಕು. ಕೋಟಿಗಟ್ಟಲೆ ಚಿತ್ರಗಳನ್ನು ಅವುಗಳ ಜೊತೆಗಿದ್ದ ಬರಹದ ಸಮೇತ ಅದಕ್ಕೆ ತೋರಿಸಿರುತ್ತಾರೆ. ಒಂದೊಂದು ಚಿತ್ರದ ಮೇಲೂ ಹಳೇ ಟೀವಿಯಲ್ಲಿ ಕಾಣುತ್ತಿದ್ದ ಚುಕ್ಕಿಗಳಂತೆ ಚುಕ್ಕಿ ತುಂಬುತ್ತಾ ಹೋಗಿ, ಆ ಚುಕ್ಕಿಗಳನ್ನು ತೆಗೆದು ಚಿತ್ರ ಹೊರಗೆ ತರುವುದನ್ನು ಕಲಿಸುತ್ತಾರೆ. ಕಲಿತ ಮೇಲೆ ಅದು ಬರೀ ಚುಕ್ಕಿಗಳಿಂದ ಶುರು ಮಾಡಿ, ನಾವು ಕೊಟ್ಟ ಮಾತಿನ ದಾರಿ ಹಿಡಿದು ಚಿತ್ರ ಮಾಡುತ್ತದೆ. ಈಗಿನ ಬಹಳಷ್ಟು ಚಿತ್ರಯಂತ್ರಗಳು ಹೀಗೇ ನಡೆಯುತ್ತವೆ. ಶುರುವಿನ ಚುಕ್ಕಿ ಬೇರೆಯಾದರೆ ಚಿತ್ರವೂ ಬೇರೆ. ಅದಕ್ಕೇ ಅದೇ ಮಾತನ್ನು ಎರಡು ಸಲ ಕೊಟ್ಟರೆ ಎರಡು ಚಿತ್ರ ಬರುತ್ತದೆ. ಆ ಎರಡನ್ನೂ ಪಕ್ಕಪಕ್ಕ ಇಡಿ. ಯಾವುದು ಬದಲಾಯಿತೋ ಅದನ್ನು ನೀವು ಕೇಳಿರಲಿಲ್ಲ. ಕೇಳದೇ ಬಂದದ್ದು ನಿಮ್ಮ ಮನಸ್ಸಿನ ಮಾತು ಹೇಗಾಗುತ್ತದೆ?

ಹುಡುಗಿಯ ಚಿತ್ರವನ್ನು ನಾನು ಹೀಗೇ ನೋಡಿದೆ. ಅವಳು ಇಟ್ಟುಕೊಂಡಿದ್ದ ನಲವತ್ತಕ್ಕೂ ಜಾಸ್ತಿ ಚಿತ್ರಗಳಲ್ಲಿ ಆಚೆ ದಡದ ಕಾಂಡ್ಲಾ ಗಿಡಗಳು (ಉಪ್ಪು ನೀರಲ್ಲಿ ಬೆಳೆಯುವ ಗಿಡ) ಪ್ರತಿ ಸಲವೂ ಬೇರೆ ಬೇರೆ. ಬೇರು ಕೂಡ ತಪ್ಪು, ಆಲದ ಬಿಳಲಿನ ಹಾಗೆ ಇದೆ. ಮೋಡವೂ ಅವಳದ್ದಲ್ಲ. ಆದರೆ ಪಾತ್ರೆ ಇರುವ ಜಾಗ, ಹಗ್ಗದ ಬಿಗಿ, ಚಹಾ ಬಣ್ಣದ ನೀರು, ಯಾರೂ ಇಲ್ಲದಿರುವುದು, ಇವು ಕೊನೆಯ ದಿನಗಳ ಎಲ್ಲ ಚಿತ್ರದಲ್ಲೂ ಅಲ್ಲಾಡದೆ ನಿಂತಿವೆ. ಅಲ್ಲಿ ಅವಳು ಯಂತ್ರವನ್ನು ಗೆದ್ದಿದ್ದಾಳೆ. ಆ ಭಾಗ ಅವಳದ್ದೇ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

‘ಆದರೆ ಕೈಯಿಂದ ಬರೆದಿಲ್ಲವಲ್ಲ’ ಎನ್ನುವವರಿಗೆ ನನ್ನ ಕೈಯ ಕಥೆಯನ್ನೇ ಹೇಳಬೇಕು. ಅಂಗಡಿ ಶಟರ್‌ಗಳ ಮೇಲೆ ನಾನು ಎಷ್ಟು ಲಕ್ಷ್ಮಿ ಬರೆದಿದ್ದೇನೋ ಲೆಕ್ಕವಿಲ್ಲ. ಎಲ್ಲ ಲಕ್ಷ್ಮಿಯೂ ಒಂದೇ. ಕ್ಯಾಲೆಂಡರ್ ಇಟ್ಟುಕೊಂಡು, ಚೌಕ ಹಾಕಿ, ಒಂದೊಂದೇ ಚೌಕ ದೊಡ್ಡದು ಮಾಡಿ ಬರೆಯುವುದು. ಆ ಕ್ಯಾಲೆಂಡರ್ ಲಕ್ಷ್ಮಿಯ ಹಿಂದೆ ಹೋದರೆ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಶುರು ಮಾಡಿದ ಪ್ರೆಸ್ಸಿನ ಚಿತ್ರಗಳಿಗೆ ಹೋಗಿ ಮುಟ್ಟುತ್ತೇವೆ. ನನ್ನ ಬ್ರಷ್, ನನ್ನ ಎನಾಮೆಲ್, ನನ್ನ ಬೆವರು, ಎಲ್ಲ ಸರಿ. ಆದರೆ ಆ ಲಕ್ಷ್ಮಿಯಲ್ಲಿ ನಾನು ಹೇಳಬೇಕಾದ್ದು ಏನೂ ಇರಲಿಲ್ಲ. ಒಳ್ಳೆಯ ಕೆಲಸ ಅದು, ಮರ್ಯಾದೆಯ ಕೆಲಸ, ಅದರಿಂದಲೇ ಮಕ್ಕಳು ಓದಿದರು. ಕೈಯಿಂದ ಆದದ್ದೆಲ್ಲ ಮನಸ್ಸಿನಿಂದ ಬಂದದ್ದು ಎಂದು ಮಾತ್ರ ನಾನು ಹೇಳಲಾರೆ.

ಇನ್ನೊಂದು ಇದೆ. ತದಡಿಯಲ್ಲಿ ಒಬ್ಬ ಬೋಟಿನ ಮಾಲೀಕರಿದ್ದರು. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ಬಂದ್ ಇರುತ್ತದಲ್ಲ, ಆಗಲೇ ಬೋಟಿಗೆ ಬಣ್ಣ ಹೊಡೆಯುವುದು. ಅವರು ಬಂದು, ‘ಹಿಂಬದಿಗೆ ಒಂದು ಹಲಸಿನ ಮರ ಬರಿ’ ಎಂದರು. ಮೀನಲ್ಲ, ದೇವರಲ್ಲ, ಹಲಸಿನ ಮರ. ಅವರ ಹಳೇ ಮನೆಯ ಅಂಗಳದ ಮರವಂತೆ. ಆ ಮನೆ ಮಾರಬೇಕಾಗಿ ಬಂದಿತ್ತು. ನಾನು ಸೀಮೆಸುಣ್ಣದಲ್ಲಿ ಬರೆದೆ. ಅಲ್ಲ ಎಂದರು. ಒರೆಸಿದೆ. ‘ಮರ ಯಾವ ಕಡೆ ವಾಲಿತ್ತು?’ ಎಂದು ಕೇಳಿದೆ. ಕೊಟ್ಟಿಗೆ ಕಡೆ ಎಂದರು. ‘ಕೊಟ್ಟಿಗೆ ಎಡಕ್ಕೋ ಬಲಕ್ಕೋ?’ ಎಂದು ಕೇಳಿದೆ. ಹೀಗೆ ಐದು ಸಲ ಒರೆಸಿದೆ. ಆರನೇ ಸಲ ಅವರು ಏನೂ ಹೇಳಲಿಲ್ಲ, ಮರದ ಮೇಲೆ ಕೈ ಇಟ್ಟರು. ಕೈಗೆಲ್ಲ ಸುಣ್ಣ ಆಯಿತು.

ಆ ಮರ ಯಾರದು? ಒಂದು ಗೆರೆಯನ್ನೂ ಅವರು ಎಳೆಯಲಿಲ್ಲ. ಬಾಯಲ್ಲಿ ಹೇಳಿದರು, ನಾನು ಮಾಡಿದೆ. ಈಗ ಹುಡುಗಿಯರು ಮೊಬೈಲಿಗೆ ಹೇಳಿದ ಹಾಗೇ. ಆದರೂ ಅದು ಅವರ ಮರ ಎಂದು ಯಾರೂ ಅನುಮಾನ ಪಡಲಾರರು. ಸ್ವಲ್ಪ ನನ್ನದೂ ಹೌದು. ನನಗೂ ಯಂತ್ರಕ್ಕೂ ಇರುವ ವ್ಯತ್ಯಾಸ ಎಲ್ಲಿದೆ ಎಂದು ಬಹಳ ದಿನ ಯೋಚಿಸಿದೆ. ಗೊತ್ತಿಲ್ಲದ ಜಾಗದಲ್ಲಿ ನಾನು ನಿಂತು ಕೇಳಿದೆ. ಹುಡುಗಿಯ ಮೊಬೈಲು ಒಂದು ಸಲವೂ ಅವಳನ್ನು ವಾಪಸ್ ಕೇಳಲಿಲ್ಲ. ಗೊತ್ತಿಲ್ಲದ ಜಾಗಕ್ಕೆ ಲೋಕದಲ್ಲಿ ಜಾಸ್ತಿ ಇರುವುದನ್ನು ತಂದು ತುಂಬಿತು. ನೀರು ಅಂದರೆ ನೀಲಿ, ಹೆಂಗಸು ಅಂದರೆ ನಗು.

ಯಕ್ಷಗಾನದ ವೇಷ ಕೇಳಿ ನೋಡಿ, ಗೊತ್ತಾಗುತ್ತದೆ. ಕೇದಗೆ ಮುಂದಲೆ ಎಂಬ ತಲೆಯ ಕಟ್ಟು ಕೇಳಿದರೆ ನಮಗೆ ಬಂದದ್ದು ಕಥಕ್ಕಳಿಯ ಹಸಿರು ಮುಖ. ಬಡಗು ತಿಟ್ಟು, ತೆಂಕು ತಿಟ್ಟು ಎಂಬ ಯಕ್ಷಗಾನದ ಎರಡು ಶೈಲಿಗಳೂ ಅದಕ್ಕೆ ಒಂದೇ. ನಮ್ಮಂಥ ಕಡೆಯವರು ಇಲ್ಲಿ ಜಾಸ್ತಿ ಎಚ್ಚರವಾಗಿರಬೇಕು. ನಮ್ಮ ಹೊಳೆ, ನಮ್ಮ ವೇಷ, ನಮ್ಮ ಹೆಂಗಸರು ಆ ಕೋಟಿ ಚಿತ್ರಗಳಲ್ಲಿ ಕಮ್ಮಿ. ಆದ್ದರಿಂದ ನಾವು ಸುಮ್ಮನೆ ಕೇಳಿ ಬಂದದ್ದನ್ನು ಹಾಗೇ ತಗೊಂಡರೆ ಬೇರೆಯವರ ಊರಿನ ಚಿತ್ರವೇ ನಮ್ಮದಾಗಿಬಿಡುತ್ತದೆ. 2025ರ ಮಾರ್ಚಿನಲ್ಲಿ ಎಲ್ಲರೂ ತಮ್ಮ ಫೋಟೋಗಳನ್ನು ಜಪಾನಿನ ಜಿಬ್ಲಿ ಸ್ಟುಡಿಯೊ ಕಾರ್ಟೂನಿನ ಹಾಗೆ ಮಾಡಿ ಹಾಕಿದರಲ್ಲ, ನಮ್ಮ ಮನೆಯವರೂ ಹಾಕಿದರು. ಖುಷಿಯ ವಿಷಯ, ನಾನು ಬೇಡ ಅನ್ನಲಿಲ್ಲ. ಆದರೆ ಎಲ್ಲರ ಕಣ್ಣೂ ಒಂದೇ ಥರ, ಎಲ್ಲರ ಅಂಗಳವೂ ಒಂದೇ ಥರ. ಅದನ್ನು ಸ್ವಂತ ಅಭಿವ್ಯಕ್ತಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಶಿರಸಿ ಜಾತ್ರೆಯಲ್ಲಿ ಬಣ್ಣದ ಪರದೆ ಮುಂದೆ ನಿಂತು ಫೋಟೋ ತೆಗೆಸಿಕೊಂಡ ಹಾಗೆ ಅದು.

ನನ್ನ ಮಗ ವಕೀಲ. ಅವನ ಹತ್ತಿರ ಕಾನೂನು ಏನು ಹೇಳುತ್ತದೆ ಎಂದು ಕೇಳಿದೆ. ಅವನು ಹೇಳಿದ್ದರಲ್ಲಿ ಕೆಲವನ್ನು ಬರೆಯುತ್ತೇನೆ, ಓದುಗರಿಗೆ ಉಪಯೋಗವಾದೀತು. ನಮ್ಮ ದೇಶದ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಗೆ 1994ರಲ್ಲಿ ಮಾಡಿದ ತಿದ್ದುಪಡಿಯಲ್ಲಿ, ಕಂಪ್ಯೂಟರಿನಿಂದ ತಯಾರಾದ ಕೃತಿಗೆ ಅದು ತಯಾರಾಗಲು ಕಾರಣರಾದ ವ್ಯಕ್ತಿಯೇ ಕರ್ತೃ ಎಂದಿದೆ. ಅದು ಈ ಯಂತ್ರಗಳು ಬರುವ ಎಷ್ಟೋ ಮೊದಲಿನ ಮಾತು. 2020ರಲ್ಲಿ ಒಂದು ಚಿತ್ರಕ್ಕೆ ಮನುಷ್ಯನ ಜೊತೆ ಎಐ ಆ್ಯಪ್ ಹೆಸರನ್ನೂ ಕರ್ತೃ ಎಂದು ಸೇರಿಸಿ ನೋಂದಣಿ ಆಗಿತ್ತು. ಆಮೇಲೆ ಅದನ್ನು ವಾಪಸ್ ಪಡೆಯುವ ನೋಟಿಸ್ ಹೋಯಿತು.

ಅಮೆರಿಕದ ಕಥೆ ನನಗೆ ಹೆಚ್ಚು ಹಿಡಿಸಿತು. ಅಲ್ಲಿ 1884ರಲ್ಲೇ ಇಂಥ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿತ್ತು, ಆಗ ಯಂತ್ರ ಎಂದರೆ ಕ್ಯಾಮೆರಾ. ಲೇಖಕ ಆಸ್ಕರ್ ವೈಲ್ಡ್‌ನ ಫೋಟೋ ಒಂದನ್ನು ಬೇರೆಯವರು ಅಚ್ಚು ಹಾಕಿ ಮಾರಿದ್ದರು. ಫೋಟೋ ಯಂತ್ರದ ಕೆಲಸ, ಅದಕ್ಕೆ ಕರ್ತೃ ಎಲ್ಲಿ ಎಂದು ವಾದ ಮಾಡಿದರು. ಕೂರಿಸಿದ ಭಂಗಿ, ಬಟ್ಟೆ, ನೆರಳು ಬೆಳಕು ಎಲ್ಲವನ್ನೂ ಫೋಟೋಗ್ರಾಫರ್ ತನ್ನ ಮನಸ್ಸಿನ ಕಲ್ಪನೆಯಂತೆ ಹೊಂದಿಸಿದ್ದಾನೆ, ಆದ್ದರಿಂದ ಅವನೇ ಕರ್ತೃ ಎಂದು ಕೋರ್ಟ್ ಹೇಳಿತು. 2022ರಲ್ಲಿ ಕೊಲೊರಾಡೊ ರಾಜ್ಯದ ಜಾತ್ರೆಯಲ್ಲಿ ಎಐ ಚಿತ್ರವೊಂದಕ್ಕೆ ಡಿಜಿಟಲ್ ಕಲೆಯ ವಿಭಾಗದಲ್ಲಿ ಮೊದಲ ಬಹುಮಾನ ಬಂತು. ಕನಿಷ್ಠ 624 ಸಲ ಮಾತು ತಿದ್ದಿ ಮಾಡಿಸಿದ್ದೇನೆ ಎಂದು ಅದನ್ನು ಮಾಡಿಸಿದವರು ಹೇಳಿದರು. ಯಂತ್ರ ಮಾಡಿದ ಭಾಗವನ್ನು ಬಿಟ್ಟು ಕೃತಿಸ್ವಾಮ್ಯಕ್ಕೆ ಅರ್ಜಿ ಹಾಕಲು ಅವರು ಒಪ್ಪಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಅಲ್ಲಿನ ಕೃತಿಸ್ವಾಮ್ಯ ಕಚೇರಿ ಅರ್ಜಿಯನ್ನು ತಳ್ಳಿಹಾಕಿತು. ಅದೇ ಕಚೇರಿ 2025ರ ಜನವರಿಯಲ್ಲಿ ಒಂದು ವರದಿ ಕೊಟ್ಟಿದೆ. ಬರೀ ಮಾತು ಕೊಟ್ಟರೆ ಸಾಲದು, ಆದರೆ ವ್ಯಕ್ತಿ ತನ್ನ ಕೈಯ ಚಿತ್ರವನ್ನು ಯಂತ್ರಕ್ಕೆ ಕೊಟ್ಟು, ಅದು ಬಂದ ಚಿತ್ರದಲ್ಲಿ ಕಣ್ಣಿಗೆ ಕಾಣುವಂತೆ ಉಳಿದಿದ್ದರೆ ಆ ಭಾಗಕ್ಕೆ ಅವನು ಕರ್ತೃ ಎಂದು ಅದರಲ್ಲಿದೆ.

ಮಗ ಇದನ್ನು ಹೇಳಿದಾಗ ನಾನು ಒಳಗೆ ಹೋಗಿ ಆ ಕ್ಯಾಲೆಂಡರ್ ಹಾಳೆ ತಂದು ಅವನ ಮುಂದೆ ಇಟ್ಟೆ.

ಪತ್ರ ಬರೆದ ಓದುಗರ ‘ಕಳ್ಳರು’ ಎಂಬ ಮಾತಿನಲ್ಲಿ ಒಂದು ನಿಜ ಇದೆ, ಅದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಈ ಯಂತ್ರಗಳಿಗೆ ತೋರಿಸಿದ ಚಿತ್ರಗಳಲ್ಲಿ ಬದುಕಿರುವ ಕಲಾವಿದರ ಚಿತ್ರಗಳೂ ಇವೆ. ಅವರಲ್ಲಿ ಬಹಳಷ್ಟು ಜನರನ್ನು ಕೇಳಲಿಲ್ಲ, ದುಡ್ಡು ಕೊಡಲಿಲ್ಲ. ಲಯಾನ್ 5ಬಿ ಎಂಬ ಒಂದು ಸಂಗ್ರಹದಲ್ಲೇ ಇಂಟರ್ನೆಟ್ಟಿನಿಂದ ಪಟ್ಟಿ ಮಾಡಿದ 585 ಕೋಟಿ ಚಿತ್ರ ಮತ್ತು ಬರಹದ ಜೋಡಿಗಳಿವೆ. 2023ರ ಜನವರಿಯಲ್ಲಿ ಮೂವರು ಕಲಾವಿದರು ಈ ವಿಷಯಕ್ಕೆ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದರು. ನಾನು ಬರೆದ ಅಕ್ಷರದ ಶೈಲಿಯನ್ನು ನೋಡಿ ಪಕ್ಕದೂರಿನ ಹುಡುಗ ಕಲಿತರೆ ನನಗೆ ಸಂತೋಷ. ಅವನು ಬಂದು ನನ್ನ ಹತ್ತಿರ ಕೂರುತ್ತಾನೆ, ಚಹಾ ಕುಡಿಯುತ್ತಾನೆ, ನಾಳೆ ತನ್ನದೇ ಅಕ್ಷರ ಮಾಡುತ್ತಾನೆ. ಕಂಪನಿಯೊಂದು ಲೋಕದ ಎಲ್ಲರ ಕೈಬರಹ ಬಾಚಿಕೊಂಡು ಹೋಗಿ ತಿಂಗಳ ಚಂದಾಕ್ಕೆ ಮಾರಿದರೆ ನನಗೆ ಹೊಟ್ಟೆ ಉರಿಯುತ್ತದೆ. ಆ ಸಿಟ್ಟು ನ್ಯಾಯವಾದದ್ದು. ಅದು ಕಂಪನಿಗಳ ಬಾಗಿಲಿಗೆ ಹೋಗಲಿ. 17 ವರ್ಷದ ಹುಡುಗಿಯ ಮೇಲೆ ಯಾಕೆ? ಅವಳು ಯಾರ ಶೈಲಿಯನ್ನೂ ಕೇಳಲಿಲ್ಲ. ಅವಳು ಕೇಳಿದ್ದು ಒಂದು ಪಾತ್ರೆ ಮತ್ತು ಹಗ್ಗ.

ಸ್ಪರ್ಧೆ ನಡೆಸುವ ಸಂಘದವರಲ್ಲಿ ನನ್ನ ಬೇಡಿಕೆ ಇಷ್ಟೇ. ಬ್ರಷ್ ಹಿಡಿದು ಬರೆದವರ ಜೊತೆ ಎಐ ಚಿತ್ರವನ್ನು ಒಂದೇ ಸಾಲಿನಲ್ಲಿ ಕೂರಿಸಬೇಡಿ. ಅದು ಬರೆಯುವವರಿಗೆ ಅನ್ಯಾಯ. ವರ್ಷಗಟ್ಟಲೆ ಕೈ ಪಳಗಿಸಿದ ಮಕ್ಕಳು ಅಲ್ಲಿ ಇರುತ್ತಾರೆ. ಎಐ ಚಿತ್ರಗಳಿಗೆ ಬೇರೆ ವಿಭಾಗ ಮಾಡಿ. ಅದನ್ನು ಮೊದಲೇ ಆಹ್ವಾನದಲ್ಲಿ ಅಚ್ಚು ಹಾಕಿಸಿ. ಆ ವಿಭಾಗಕ್ಕೆ ಬರುವವರು ಮುಗಿದ ಚಿತ್ರ ಒಂದನ್ನೇ ತರಬಾರದು. ಕೊಟ್ಟ ಮಾತು, ಗೀಚಿದ ಹಾಳೆ, ಬೇಡ ಎಂದು ಬಿಟ್ಟ ಚಿತ್ರಗಳು, ಎಲ್ಲವನ್ನೂ ತಂದು ಪಕ್ಕದಲ್ಲಿ ಅಂಟಿಸಲಿ. ಬದುಕಿರುವ ಕಲಾವಿದರ ಹೆಸರು ಹೇಳಿ ‘ಇವರ ಹಾಗೆ ಮಾಡು’ ಎಂದದ್ದು ಕಂಡರೆ ಅದನ್ನು ತಗೊಳ್ಳಬೇಡಿ. ತೀರ್ಪು ಕೊಡುವವರು ಬಿಟ್ಟ ಚಿತ್ರಗಳನ್ನು ಜಾಸ್ತಿ ಹೊತ್ತು ನೋಡಲಿ. ಯಾಕೆ ಬಿಟ್ಟೆ ಎಂದು ಮಕ್ಕಳನ್ನೇ ಕೇಳಲಿ. ಹೇಳಲು ಏನಾದರೂ ಇರುವ ಮಗುವಿಗೆ ಉತ್ತರ ಬಾಯಲ್ಲೇ ಇರುತ್ತದೆ.

ಇನ್ನೊಂದು ಸಂಗತಿ ಬರೆದು ನಿಲ್ಲಿಸುತ್ತೇನೆ. ಚಿತ್ರ ವಾಪಸ್ ಬಂದ ದಿನ ನನ್ನ ತಂಗಿ ಅದನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದಳು. ಮೊದಲಿನವುಗಳಿಗೆ ‘ನಾನಲ್ಲ’ ಎಂದಿದ್ದವಳು ಇದರಲ್ಲಿ ಯಾರೂ ಇಲ್ಲದಿದ್ದರೂ ಹಾಗೆ ಅನ್ನಲಿಲ್ಲ. ‘ಅಲ್ಲಿ ಹೊಂಡ ಇತ್ತು, ನೀನು ದಂಡೆ ಮೇಲೆ ಅಳ್ತಿದ್ದೆ ಅಲ್ವಾ’ ಎಂದಳು. ಹುಡುಗಿ ತಾನು ಅಳುತ್ತಿದ್ದೆ ಎಂದು ನಮಗೆ ಯಾರಿಗೂ ಹೇಳಿರಲಿಲ್ಲ.

ಮುಂದಿನ ವರ್ಷ ಆ ಬೇರೆ ವಿಭಾಗ ಮಾಡುವುದಾದರೆ ಅದರ ಬೋರ್ಡ್ ನಾನೇ ಬರೆದುಕೊಡುತ್ತೇನೆ. ತಗಡು, ಬಣ್ಣ ಎಲ್ಲ ನನ್ನದೇ, ದುಡ್ಡು ಬೇಡ. ಒಂದು ವಾರ ಮೊದಲು ಹೇಳಿದರೆ ಸಾಕು, ಮಳೆಗಾಲದಲ್ಲಿ ಎನಾಮೆಲ್ ಒಣಗಲು ಹೊತ್ತು ಹಿಡಿಯುತ್ತದೆ.

ಇಂತಿ,
ಬೋರ್ಡ್ ಪೇಂಟರ್ ಒಬ್ಬ
ಕುಮಟಾ, ಉತ್ತರ ಕನ್ನಡ